ಕಂಪನಿಯ ಪುಸ್ತಕದಲ್ಲಿ ಅತ್ತೆಯ ಮಾರಿ

ಆ ಪುಸ್ತಕವನ್ನು ಮನೆಗೆ ತಂದವನು ನನ್ನ ಮೈದುನ. ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಅವನು ಬಂದವನೇ ಪುಸ್ತಕವನ್ನು ಜೋಳದ ಮೇಲೆಯೇ ಇಟ್ಟು, "ಅವ್ವಾ, ನೋಡಿಲ್ಲೆ, ಕಂಪನಿಯವರು ನಿನ್ನ ಹೀರೋಯಿನ್ ಮಾಡ್ಯಾರ," ಅಂದ.

ಮದುವೆ ಆಲ್ಬಮ್ಮಿನಂಥ ದಪ್ಪ, ಹೊಳೆಯುವ ಕಾಗದ. ಹೊದಿಕೆಯ ತುಂಬ ನಮ್ಮ ಅತ್ತೆ. ಸೊಂಟದ ಮೇಲೆ ಕೊಡ, ತಲೆಯ ಮೇಲೆ ಸೆರಗು, ಬಾಯಿ ತುಂಬ ನಗು. ಅತ್ತೆ ಅಷ್ಟು ದೊಡ್ಡದಾಗಿ ನಕ್ಕಿದ್ದನ್ನು ಮದುವೆಯಾಗಿ ಬಂದ ಮೇಲೆ ನಾನು ಹೆಚ್ಚು ಸಲ ನೋಡಿರಲಿಲ್ಲ. ನನ್ನ ಮುಂದಂತೂ ಅವರು ನಗುತ್ತಿರಲಿಲ್ಲ.

ನಮ್ಮ ಊರು ಮುದ್ದೇಬಿಹಾಳ ತಾಲೂಕಿನಲ್ಲಿದೆ. ಒಂದು ಕಡೆ ಕರಿಮಣ್ಣಿನ ಎರಿ ಹೊಲ, ಇನ್ನೊಂದು ಕಡೆ ಕುರಿ ಮೇಯಿಸುವ ಕಲ್ಲುಬೋರೆ. ಆ ಬೋರೆಯ ಕೆಳಗೆ ಸುಣ್ಣಗಲ್ಲು ಇದೆಯೆಂದು ಕಂಪನಿ ಬಂತು. ನಾನು ಇಂಡಿ ಕಡೆಯವಳು, ನಿಂಬೆಯ ತೋಟದವರ ಮಗಳು. ಮುದ್ದೇಬಿಹಾಳದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಗಂಡ ಸಿಂದಗಿಯಲ್ಲಿ ಬಸ್ ಕಂಡಕ್ಟರ್, ರಜೆ ಸಿಕ್ಕಾಗ ಮನೆಗೆ ಬರುತ್ತಾರೆ. ಮೈದುನ ಹೊಲ ಬಿಟ್ಟು ಟಿಪ್ಪರ್ ತಗೊಂಡು ಅದನ್ನು ಕಂಪನಿಗೆ ಹಚ್ಚಿದ್ದ. ಹೀಗಾಗಿ ಸಾಲಿ ಬಿಟ್ಟ ಮೇಲೆ ಮನೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಇರುತ್ತಿದ್ದವರು ಅತ್ತೆ ಮತ್ತು ನಾನು. ನಮ್ಮಿಬ್ಬರಿಗೆ ಕೂಡಿ ಬರುತ್ತಿರಲಿಲ್ಲ. ನಾನು ಬಡಿದ ರೊಟ್ಟಿ ಅವರಿಗೆ ದಪ್ಪ, ನಾನು ಉಟ್ಟ ಸೀರೆ ಅವರಿಗೆ ತೆಳು. "ಇಂಡಿಯವರು ನಿಂಬಿಹಣ್ಣಿನಂಗ, ಹಿಂಡಿದ್ರ ಹುಳಿ," ಎಂದು ಮನೆಗೆ ಬಂದವರ ಮುಂದೆ ಹೇಳುತ್ತಿದ್ದರು. ನಾನೂ ಉತ್ತರ ಕೊಡದೆ ಬಿಡುತ್ತಿರಲಿಲ್ಲ.

ಆ ಫೋಟೊ ತೆಗೆದದ್ದು ನನಗೆ ನೆನಪಿತ್ತು. ಕಂಪನಿ ಬಂದು ಕೆಲವು ವರ್ಷಕ್ಕೆ ನಮ್ಮ ಹಿತ್ತಲ ಬಾವಿಯ ನೀರು ಇಳಿಯಿತು. ಓಣಿಯ ಬೇರೆ ಬಾವಿಗಳದ್ದೂ ಅದೇ ಗತಿ. ಆಗ ಕಂಪನಿಯವರು ಊರ ಹೊರಗಿನ ಹನುಮಪ್ಪನ ಗುಡಿಯ ಮುಂದೆ ನೀರಿನ ಒಂದು ಸಿಂಟೆಕ್ಸ್ ಟಾಕಿ ಇಟ್ಟರು. ಹಿತ್ತಲಲ್ಲಿ ಹಗ್ಗ ಬಿಟ್ಟು ಸೇದುತ್ತಿದ್ದ ಅತ್ತೆ ಊರು ದಾಟಿ ಹೋಗಿ ಕೊಡ ಹೊರುವಂತಾಯಿತು. ಒಂದು ದಿನ ಜೀನ್ಸ್ ಹಾಕಿದ ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ಬಂದಿದ್ದಳು. ಯಾರದೋ ಎಮ್ಮೆ ಅವಳ ಬೆನ್ನ ಹಿಂದೆಯೇ ಬಂದು ಮೂಸಿತು. ಅವಳು ಚೀರಿಕೊಂಡು ಓಡಿ ಟಾಕಿಯ ಮರೆಗೆ ನಿಂತಳು. ಅದನ್ನು ನೋಡಿ ಅತ್ತೆ ನಕ್ಕರು. ಹುಡುಗಿಯೂ ನಗುತ್ತ ಫೋಟೊ ಹೊಡೆದಳು. ಅಷ್ಟೇ ಆಗಿದ್ದು.

"ಏನ್ ಬರದಾರ, ಓದು," ಅಂದರು ಅತ್ತೆ. ಅವರಿಗೆ ಓದು ಬರುವುದಿಲ್ಲ.

ಪುಸ್ತಕ ಇಂಗ್ಲಿಷಿನಲ್ಲಿತ್ತು, ಕೊನೆಯಲ್ಲಿ ಕೆಲವು ಪುಟ ಕನ್ನಡ. ಕಂಪನಿಯ ಪರಿಸರ ವರದಿ ಅದು. ಹೊದಿಕೆಯ ಚಿತ್ರದ ವಿವರ ಮೊದಲು ಓದಿದೆ. ಕಂಪನಿಯ ನೀರಿನ ಯೋಜನೆಯಿಂದ ಗ್ರಾಮೀಣ ಮಹಿಳೆಯ ಮೊಗದಲ್ಲಿ ಮಂದಹಾಸ ಎಂದಿತ್ತು. ಆಮೇಲೆ ಒಳಗಿನದು. ಧೂಳು ನಿಗದಿತ ಮಿತಿಯೊಳಗಿದೆ. ಅಂತರ್ಜಲಕ್ಕೆ ಗಮನಾರ್ಹ ಧಕ್ಕೆಯಾಗಿಲ್ಲ. ಸುತ್ತಲಿನ ಸಮುದಾಯ ಕಂಪನಿಯ ಜೊತೆ ಸೌಹಾರ್ದದಿಂದ ಬಾಳುತ್ತಿದೆ.

"ಗಮನಾರ್ಹ ಅಂದ್ರ?"

"ಕಣ್ಣಿಗೆ ಬೀಳೂವಂಥಾದ್ದು, ಅತ್ತೀ."

"ಯಾರ ಕಣ್ಣಿಗೆ?"

ಅತ್ತೆ ಪುಸ್ತಕ ಇಸಿದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಮಣ್ಣಿನ ದಿಬ್ಬ ಎಲ್ಲಿ ಹೋತು?" ಅಂದರು. ಗುಡಿಯ ಮುಂದೆ ನಿಂತರೆ ಹಿಂದೆ ಕಾಣುವುದೇ ಗಣಿಯ ದಿಬ್ಬ. ತೆಗೆದ ಮಣ್ಣು, ಒಡೆದ ಕಲ್ಲು ಎಲ್ಲ ಸುರಿದು ಸುರಿದು ಬೋಳು ಗುಡ್ಡದಷ್ಟಾಗಿದೆ. ಫೋಟೊದಲ್ಲಿ ಅಲ್ಲಿ ಹಸಿರು ಇತ್ತು. ದಟ್ಟ, ತಂಪಾದ, ನಮ್ಮ ಸೀಮೆಯಲ್ಲಿ ಹುಡುಕಿದರೂ ಸಿಗದ ಹಸಿರು.

"ಕಂಪ್ಯೂಟರಿನ್ಯಾಗ ಹಂಗ ಮಾಡ್ತಾರವ್ವಾ, ಚಂದ ಕಾಣ್ಲಿ ಅಂತ," ಅಂದ ಮೈದುನ.

ಅತ್ತೆ ಪುಸ್ತಕ ಮಡಚಿ ನನ್ನ ಕೈಗೆ ಕೊಟ್ಟರು. "ನಾಳೆ ಸಾಲಿಗೆ ಸೂಟಿ ಹಾಕು. ಕಂಪನಿ ಆಫೀಸಿಗೆ ಹೋಗೋಣು," ಅಂದರು. ನಾನು ಏನು, ಯಾಕೆ ಎಂದು ಕೇಳುವ ಮೊದಲೇ, "ನೀ ಬರೇ ಓದು. ಮಾತು ನಾ ಆಡ್ತೇನಿ," ಅಂದರು. ಮೈದುನ ನಗುತ್ತ ಹೊರಗೆ ಹೋದ. ಅವ್ವ ಬಾಯಿಮಾತಿಗೆ ಹೇಳುತ್ತಾಳೆ ಅಂದುಕೊಂಡಿದ್ದ.

ಮರುದಿನ ಗೇಟಿನಲ್ಲಿ ಕಾವಲಿನವನು ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ. ಅತ್ತೆ ಪುಸ್ತಕದ ಹೊದಿಕೆಯನ್ನು ತಮ್ಮ ಮುಖದ ಪಕ್ಕಕ್ಕೆ ಹಿಡಿದು, "ಒಳಗ ಬಿಡ್ತಿಯೋ ಇಲ್ಲೋ?" ಅಂದರು. ಅವನು ಅದನ್ನೂ ಇವರನ್ನೂ ನೋಡಿ ಫೋನ್ ಮಾಡಿದ. ತಂಪು ಹವೆಯ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಬಿಸ್ಕೀಟು, ಚಹಾ ತಂದಿಟ್ಟರು. ಅತ್ತೆ ಮುಟ್ಟಲಿಲ್ಲ. ನನಗೆ ನೀರಡಿಕೆಯಾಗಿತ್ತು, ನಾನೂ ಮುಟ್ಟಲಿಲ್ಲ.

ಬಂದವನು ಕಂಪನಿಯ ಪರಿಸರ ಅಧಿಕಾರಿ. ಬೆಂಗಳೂರು ಕಡೆಯ ಮಾತಿನ, ನನ್ನದೇ ವಯಸ್ಸಿನ ಮನುಷ್ಯ. ಅತ್ತೆಯನ್ನು ಗುರುತಿಸಿ ಕೈ ಮುಗಿದ.

"ಅಮ್ಮಾ, ನೋಡಿದ್ರಾ? ಎಷ್ಟು ಚೆನ್ನಾಗಿ ಬಂದಿದೆ ಫೋಟೊ! ಮುಂಬೈಯಲ್ಲೆಲ್ಲ ಮೆಚ್ಚಿಕೊಂಡ್ರು."

"ಫೋಟೊ ಛಲೋ ಐತಿ. ಮಾತು ಸುಳ್ಳೈತಿ," ಅಂದರು ಅತ್ತೆ. "ನನ್ನ ಮಾರಿ ಮುಂದಿಟ್ಟು ಹಿಂದ ನಿಂತು ನೀ ಮಾತಾಡಾಕತ್ತಿ. ನನ್ನ ಮಾರಿ ತಗಿ ಇದರಾಗಿಂದ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಸಮಾಧಾನದ ದನಿ ತೆಗೆದ. ಇದು ಗೌರವ ಅಮ್ಮಾ, ಅಂದ. ಪುಸ್ತಕ ಅಚ್ಚಾಗಿ ಎಲ್ಲ ಕಡೆ ಹೋಗಿಬಿಟ್ಟಿದೆ, ಅಂದ. ಬ್ಯಾಂಕಿನವರು, ಹೂಡಿಕೆ ಮಾಡುವವರು, ಸರ್ಕಾರದವರು ಎಲ್ಲ ಇದನ್ನು ನೋಡುತ್ತಾರೆ, ಜನ ನಮ್ಮ ಜೊತೆ ಇದ್ದಾರೆ ಅಂತ ಅವರಿಗೆ ಗೊತ್ತಾಗಬೇಕಲ್ಲವಾ, ಅಂದ.

"ಅಂದ್ರ ನಾನು ಸಾಕ್ಷಿ."

"ಹಾಗೇ ಅಂದ್ಕೊಳ್ಳಿ."

"ಬಾಯಿ ತಗಿಲಾರದ ಸಾಕ್ಷಿ ಹೇಳಿಸಿರಿ ನನ್ನ ಕಡಿಂದ. ಬಾವಿ ಬತ್ತಿತು ಅಂತ ಬರದಿರೇನು? ಅದೂ ನಂದ ಬಾವಿ. ಬರೇ ನನ್ನ ಹಲ್ಲು ಬೇಕಾದ್ವು ನಿಮಗ?"

"ಬಾವಿ ಬತ್ತಿದ್ದಕ್ಕೆ ಮಳೆ ಕಾರಣ ಅಮ್ಮಾ. ನಮ್ಮ ತಜ್ಞರು ಪರೀಕ್ಷೆ ಮಾಡಿದ್ದಾರೆ."

"ಎಲ್ಲಿ ಮಾಡಿದ್ರು?"

ಅವನು ನನ್ನ ಕಡೆ ತಿರುಗಿದ. "ಮೇಡಂ, ನೀವು ಓದಿದವರು. ನೀವಾದರೂ ಅವರಿಗೆ ತಿಳಿಸಿ ಹೇಳಿ."

"ಓದಿದ್ದಕ್ಕ ಬಂದೇವ್ರಿ," ಅಂದೆ. "ಓದು ಬರದಿದ್ರ ಈ ಹೊದಿಕೆ ಹರಿದು ಗ್ವಾಡಿಗೆ ಹಚ್ಚಿ ಖುಷಿಯಾಗಿ ಇರತಿದ್ವಿ."

ಅವನ ಮುಖದ ನಗು ಅಲ್ಲಿಗೆ ಮುಗಿಯಿತು. "ನೀವು ನಗಲೇ ಇಲ್ಲ ಅಂತ ಹೇಳೋಕಾಗುತ್ತಾ? ನಾವೇನು ಬಲವಂತ ಮಾಡಿ ನಗಿಸಿದ್ವಾ?" ಎಂದು ಎದ್ದು ನಿಂತ. ಅತ್ತೆಯೂ ಎದ್ದರು. "ಎಮ್ಮಿಗೆ ನಕ್ಕಿದ್ದೆ," ಅಂದರು. "ಎಮ್ಮಿ ಫೋಟೊ ಹಾಕು."

ಅಂದು ಸಂಜೆ ಮೈದುನ ಮನೆಗೆ ಬಂದಾಗ ಚಪ್ಪಲಿ ಕಳಚದೆ ಒಳಗೆ ಬಂದ. ಅವನ ಟಿಪ್ಪರಿಗೆ ಇನ್ನು ಕೆಲಸವಿಲ್ಲ, ಕರೆದಾಗ ಬಾ ಎಂದು ಹೇಳಿ ಕಳಿಸಿದ್ದರು. "ವೈನೀ," ಎಂದು ನನ್ನನ್ನೇ ಹಿಡಿದ, "ನಿಮ್ಮ ಸಾಲಿ ಪಾಠ ಸಾಲಿಯೊಳಗ ಇಡ್ರಿ. ಅವ್ವನ ತಲಿ ಕೆಡಿಸಿ ನನ್ನ ಹೊಟ್ಟಿ ಮ್ಯಾಲೆ ಹೊಡದ್ರಿ."

ನಾನು ಬಾಯಿ ತೆರೆಯುವ ಮೊದಲು ಅತ್ತೆಯೇ ಎದ್ದು ಬಂದರು. "ಆಕೀಗೆ ಯಾಕ ಬೈತಿ? ಆಕಿ ಬರೇ ಓದ್ಯಾಳ. ಹೋದಾಕಿ ನಾನು. ಅನ್ನೂದಿದ್ರ ನನಗ ಅನ್ನು."

"ಅವ್ವಾ, ಊರಾಗ ಕಂಪನಿ ಬಿಟ್ರ ಏನೈತಿ?"

"ಕಂಪನಿ ಬರೂ ಮೊದಲು ನೀ ಮಣ್ಣು ತಿಂದು ಬೆಳದಿ ಏನು?"

ಅವನು ಉಣ್ಣದೆ ಹೊರಗೆ ಹೋದ. ಅತ್ತೆ ನನ್ನ ಪರ ಮಾತಾಡಿದರು ಎಂದು ನನಗೆ ಒಳಗೊಳಗೇ ಹಿಗ್ಗಾಯಿತು. ಬೆಳಗಾದರೆ ಅದೇ ಅತ್ತೆ ಬೇಳೆಗೆ ಉಪ್ಪು ಜಾಸ್ತಿಯಾಗಿದೆ ಎಂದು ನೆರೆಯವರಿಗೆ ಕೇಳುವಂತೆ ಕೂಗಾಡಿದರು.

ಊರವರೂ ನಮ್ಮ ಮೇಲೆ ಮುನಿದರು. ಹಿಟ್ಟಿನ ಗಿರಣಿಯಲ್ಲಿ ನಾನು ಹೋಗಿ ನಿಂತರೆ ಮಾತು ನಿಲ್ಲುತ್ತಿತ್ತು. ಒಂದು ವಾರ ಟಾಕಿಗೆ ನೀರು ಬರಲಿಲ್ಲ. ಮೋಟಾರು ಕೆಟ್ಟಿದೆ ಎಂದು ಕಂಪನಿಯವರು ಹೇಳಿದರು. ಕೆಟ್ಟಿತ್ತೋ ಏನೋ. ಆದರೆ ಓಣಿಯ ಹೆಂಗಸೊಬ್ಬಳು ಖಾಲಿ ಕೊಡವನ್ನು ನಮ್ಮ ಬಾಗಿಲಲ್ಲಿ ಕುಕ್ಕಿ, "ನಿಮ್ಮತ್ತಿ ಸೊಕ್ಕಿಗೆ ನಮ್ಮ ಮಕ್ಕಳು ನೀರಿಲ್ಲದ ಸಾಯಬೇಕೇನು?" ಎಂದು ಕೇಳಿದಳು. ಅವಳ ಮನೆಯ ಬಾವಿಯೂ ಬತ್ತಿತ್ತು. ಅವಳ ಗಂಡನೂ ಗಣಿಯಲ್ಲಿ ಕೆಲಸಕ್ಕಿದ್ದ. ನಾನು ಒಳಗೆ ಹೋದೆ. ಕಂಪನಿಯ ಮೇಲಿದ್ದ ಸಿಟ್ಟು ಅವಳ ಮೇಲೆ ತಿರುಗಿತು. ಹಾಗೆ ತಿರುಗಿದ್ದಕ್ಕೆ ಕಂಪನಿಯ ಮೇಲೆ ಇನ್ನಷ್ಟು ಸಿಟ್ಟು ಬಂತು.

ರಜೆಗೆ ಬಂದ ನನ್ನ ಗಂಡ ಎರಡೂ ಕಡೆಯ ಮಾತು ಕೇಳಿ, "ಅತ್ತಿ ಸೊಸಿ ಒಂದಾದ್ರ ಇಷ್ಟು ತ್ರಾಸು ಅಂತ ಗೊತ್ತಿದ್ರ ನೀವು ಜಗಳಾಡೂದ ಚಲೋ ಇತ್ತು," ಅಂದರು. ಬೇರೆ ಹೊತ್ತಿನಲ್ಲಿ ಆ ಮಾತಿಗೆ ನಗು ಬರುತ್ತಿತ್ತು.

ಹೀಗಿರುವಾಗ ಕಂಪನಿ ಗಣಿಯನ್ನು ದೊಡ್ಡದು ಮಾಡಲು ಹೊರಟಿತು. ಅಂಥದ್ದಕ್ಕೆ ಮೊದಲು ಊರವರ ಅಹವಾಲು ಕೇಳುವ ಸಭೆ ನಡೆಯಬೇಕು. ಸಾಲಿಯ ಮೈದಾನದಲ್ಲಿ ಪೆಂಡಾಲು ಹಾಕಿದರು. ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸಿದರು. ಬೆಳಿಗ್ಗೆಯೇ ಬಸವನ ಬಾಗೇವಾಡಿ ಕಡೆಯಿಂದ ಟೆಂಪೊಗಳಲ್ಲಿ ಜನ ಬಂದಿಳಿದರು. ನಮ್ಮೂರ ಗುಡಿ ಎಲ್ಲಿದೆ ಎಂದು ಅವರೇ ನಮ್ಮನ್ನು ಕೇಳುತ್ತಿದ್ದರು. ಪೆಂಡಾಲಿನ ಹಿಂದೆ ಬೂಂದಿ, ಪಲಾವಿನ ವಾಸನೆ ಬರುತ್ತಿತ್ತು.

ವೇದಿಕೆಯ ಬಲಕ್ಕೆ ಬಾಗಿಲಿನಷ್ಟು ಎತ್ತರದ ಬ್ಯಾನರ್. ಅದರಲ್ಲಿ ಮತ್ತೆ ಅತ್ತೆ, ಅದೇ ಕೊಡ, ಅದೇ ನಗು, ಹಿಂದೆ ಅದೇ ಹಸಿರು. ನಾವು ಆಫೀಸಿಗೆ ಹೋಗಿ ಬಂದ ಮೇಲೂ ಹಾಕಿದ್ದರು. ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮುಂದಿನ ಸಾಲಿಗೆ ಹೋಗಿ ಕೂತರು.

ಜಿಲ್ಲೆಯಿಂದ ಬಂದ ಅಧಿಕಾರಿ ಮಧ್ಯದಲ್ಲಿ ಕೂತರು. ಟೆಂಪೊದಲ್ಲಿ ಬಂದವರು ಒಬ್ಬರಾದ ಮೇಲೆ ಒಬ್ಬರು ಎದ್ದು ಕಂಪನಿಯಿಂದ ಸೀಮೆ ಉದ್ಧಾರವಾಯಿತು ಎಂದರು. ಒಬ್ಬನಂತೂ ಗಣಿಯ ಗಾಳಿಯಿಂದ ತನ್ನ ದಮ್ಮು ವಾಸಿಯಾಯಿತು ಎಂದು ಹೇಳುವುದೊಂದೇ ಬಾಕಿಯಿತ್ತು. ಅತ್ತೆ ಎದ್ದು ಮೈಕಿನ ಹತ್ತಿರ ಹೋದರು. ನಾನು ಪುಸ್ತಕ ಹಿಡಿದು ಹಿಂದೆ ನಿಂತೆ.

"ಹೆಸರು ಹೇಳಿ ಮಾತಾಡ್ರಿ," ಅಂದರು ಬರೆದುಕೊಳ್ಳುವವರು.

"ಹೆಸರು ಯಾಕ್ರಿ? ಮಾರಿ ಅಲ್ಲೇ ತೂಗಹಾಕೀರಲ್ಲ."

ಜನ ತಿರುಗಿ ಬ್ಯಾನರ್ ನೋಡಿದರು. ಹಿಂದಿನಿಂದ ಯಾರೋ ನಕ್ಕರು.

"ಸಾಹೇಬ್ರ, ಆ ಫೋಟೊದಾಗಿನಾಕಿ ನಾನು. ಆಕಿ ನಗಾಕತ್ಯಾಳ. ನಾ ನಗವಲ್ಲೆ. ಆಕಿ ಹಿಂದ ಗಿಡ ಅದಾವು. ನನ್ನ ಹಿಂದ ದಿಬ್ಬ ಐತಿ, ಹೊರಳಿ ನೋಡ್ರಿ, ಇಲ್ಲಿಂದನ ಕಾಣತೈತಿ. ಆಕಿ ಕೊಡದಾಗ ಕಂಪನಿ ನೀರು ಐತಿ. ನಂದು ಬಾವಿ ಇತ್ತು. ಗಣಿಯೊಳಗ ಸುರಂಗದ ಮದ್ದು ಹಾರಿಸಿದಾಗೊಮ್ಮೆ ನಮ್ಮ ಗ್ವಾಡಿ ಬಿರಿತಾವು, ಆಕಿ ಮನಿ ಗ್ವಾಡಿ ಬಿರಿಯಂಗಿಲ್ಲ. ಆಕಿ ಮಾತು ಕೇಳಿ ನೀವು ಸಹಿ ಮಾಡಬ್ಯಾಡ್ರಿ. ಆಕಿ ಕಂಪನಿ ಹುಟ್ಟಿಸಿದಾಕಿ."

ಅಷ್ಟರಲ್ಲಿ ಮೈಕು ಬಂದ್ ಆಯಿತು. ಅಧಿಕಾರಿ ಗದರಿಸಿದ ಮೇಲೆ ಮತ್ತೆ ಶುರುವಾಯಿತು. ಆದರೆ ಆ ನಡುವೆ ಟೆಂಪೊದವರು ಗದ್ದಲ ಎಬ್ಬಿಸಿದ್ದರು. "ಏ ಮುದುಕಿ, ಕುಂದರ ಸಾಕು! ರೊಕ್ಕ ಸಾಲಲಿಲ್ಲೇನು?" ಎಂದು ಒಬ್ಬ ಕೂಗಿದ. ಪೆಂಡಾಲಿನ ಅಂಚಿನಲ್ಲಿ ಟಿಪ್ಪರಿನವರ ಜೊತೆ ನನ್ನ ಮೈದುನ ನಿಂತಿದ್ದ. ತನ್ನ ಅವ್ವನಿಗೆ ಹಾಗೆ ಅಂದವನ ಕಡೆ ಅವನು ಎರಡು ಹೆಜ್ಜೆ ಹೋದ, ಆಮೇಲೆ ನಿಂತುಬಿಟ್ಟ. ನೆಲ ನೋಡುತ್ತ ನಿಂತ.

ಅತ್ತೆ ಮೈಕು ಬಿಟ್ಟು ಪೆಂಡಾಲಿನ ಹೊರಗೆ ನಡೆದರು. ಮನೆಗೆ ಹೊರಟರು ಎಂದುಕೊಂಡು ನಾನು ಹಿಂದೆ ಓಡಿದೆ. ಮೈದಾನದ ಅಂಚಿನಲ್ಲಿ ದನ ಕಟ್ಟಿದ್ದರು. ಅತ್ತೆ ಬಗ್ಗಿ ಎರಡೂ ಕೈ ತುಂಬ ಹಸಿ ಸೆಗಣಿ ಎತ್ತಿಕೊಂಡರು, ಬಂದ ದಾರಿಯಲ್ಲೇ ಹಿಂದಕ್ಕೆ ಬಂದರು. ಎದುರಿಗಿದ್ದವರು ತಾವಾಗಿಯೇ ದಾರಿ ಬಿಟ್ಟರು. ಬ್ಯಾನರಿನ ಮುಂದೆ ಹಿಮ್ಮಡಿ ಎತ್ತಿ ನಿಂತು ಚಿತ್ರದಲ್ಲಿದ್ದ ತಮ್ಮ ಮುಖಕ್ಕೆ, ಮೊದಲು ಬಾಯಿಗೆ, ಆಮೇಲೆ ಕೆನ್ನೆಗೆ, ಆಮೇಲೆ ಕಣ್ಣಿಗೆ, ಒಲೆ ಸಾರಿಸುವಂತೆ ನಿಧಾನಕ್ಕೆ ಬಳಿದರು.

ಮಹಿಳಾ ಪೊಲೀಸೊಬ್ಬಳು ಓಡಿ ಬಂದಳು. "ಅಮ್ಮಾರ, ಏನ್ ಮಾಡಾಕತ್ತೀರಿ?"

"ನನ್ನ ಮಾರಿಗೆ ನಾ ಬಳಕೊಂಡ್ರ ಯಾರ ತಕರಾರು?"

ಅವಳು ತನ್ನ ಮೇಲಿನವರ ಮುಖ ನೋಡಿದಳು. ಅವರು ವೇದಿಕೆಯ ಕಡೆ ನೋಡಿದರು. ಕಂಪನಿಯ ಪರಿಸರ ಅಧಿಕಾರಿ, "ಅದು ನಮ್ಮ ಆಸ್ತಿ, ನಮ್ಮ ಬ್ಯಾನರ್," ಎಂದು ಕೂಗಿದ. ನಮ್ಮೂರ ಮುದುಕನೊಬ್ಬ, "ಜೀವಂತ ಇದ್ದಾಕಿ ಫೋಟೊಕ್ಕ ಸೆಗಣಿ ಬಳೀಬಾರದವ್ವಾ, ಆಯುಷ್ಯ ಕಡಿಮಿ ಆಕ್ಕೈತಿ," ಎಂದು ಬೇಡಿಕೊಂಡ. ಅಷ್ಟೂ ಜನರಲ್ಲಿ ಅತ್ತೆಯ ಬಗ್ಗೆ ಮರುಕಪಟ್ಟವನು ಅವನೊಬ್ಬನೇ.

ಮನೆಗೆ ಬರುವಾಗ ಅವರು ಮುಂದೆ, ನಾನು ಹಿಂದೆ. ಕೈ ತೊಳೆದುಕೊಂಡು ಅವರು ಪಡಸಾಲೆಯಲ್ಲಿ ಕೂತರು. ಚಹಾ ಮಾಡಿ ಕೊಟ್ಟೆ. "ಸಕ್ಕರಿ ಕಡಿಮಿ ಆಗೇತಿ," ಅಂದರು. ಆದರೂ ಪೂರ್ತಿ ಕುಡಿದರು.

ಇದರಿಂದ ಏನಾಯಿತು ಎಂದು ಕೇಳಿದರೆ, ಕಂಪನಿಗೆ ಒಪ್ಪಿಗೆ ಸಿಕ್ಕಿತು. ಬೋರೆಯ ಇನ್ನೊಂದು ಬದಿಗೂ ತಂತಿ ಬೇಲಿ ಬಂತು. ಮೈದುನನನ್ನು ಕೆಲಸಕ್ಕೆ ಮತ್ತೆ ಕರೆದರು. ಕರೆದ ದಿನವೇ ಅವನು ಬೇರೆಯಾದ. ಮನೆಯ ನಡುವೆ ಗೋಡೆ ಎದ್ದಿತು. ಆ ಸಭೆಯಲ್ಲಿ ಎರಡು ಹೆಜ್ಜೆಗೆ ನಿಂತದ್ದರ ಬಗ್ಗೆ ಅವನಾಗಲಿ ಅತ್ತೆಯಾಗಲಿ ಒಂದು ಮಾತೂ ಆಡಿಲ್ಲ. ನನ್ನ ಜೊತೆ ಅವನಿಗೆ ಈಗಲೂ ಮಾತಿಲ್ಲ.

ಮರುವರ್ಷದ ಪುಸ್ತಕವನ್ನು ನಾನೇ ಪಂಚಾಯತಿಯಿಂದ ಕೇಳಿ ತಂದೆ. ಒಳಗಿನ ಒಂದು ಪುಟದಲ್ಲಿ ಅಹವಾಲು ಸಭೆಯ ಚಿತ್ರವಿತ್ತು. ಮೈಕಿನ ಮುಂದೆ ನಿಂತ ಹೆಂಗಸು, ಬೆನ್ನಿನ ಕಡೆಯಿಂದ ತೆಗೆದದ್ದು. ಗ್ರಾಮೀಣ ಮಹಿಳೆಯರು ಮುಕ್ತವಾಗಿ ಅಭಿಪ್ರಾಯ ಹಂಚಿಕೊಂಡರು ಎಂದು ಕೆಳಗೆ ಬರೆದಿತ್ತು. ಅದನ್ನು ಸಿಟ್ಟಿನಿಂದಲೇ ಓದಿ ಹೇಳಿದೆ. ಅತ್ತೆ ಆ ಪುಟವನ್ನು ಬಹಳ ಹೊತ್ತು ನೋಡಲಿಲ್ಲ. ಹೊದಿಕೆಯ ಮೇಲೆ ಬೇರೆ ಹೆಂಗಸಿದ್ದಳು, ಅದನ್ನೇ ನೋಡುತ್ತಿದ್ದರು.

"ಈಕಿ ಯಾರು?"

"ಗೊತ್ತಿಲ್ರಿ. ನಮ್ಮೂರಾಕಿ ಅಲ್ಲ."

"ತನ್ನ ಮಾರಿ ಇಲ್ಲೈತಿ ಅಂತ ಆಕೀಗೂ ಗೊತ್ತಿರಲಿಕ್ಕಿಲ್ಲ, ಪಾಪ. ಹುಡುಕಿ ಹೇಳಬೇಕು."

ಆ ಹೊದಿಕೆಯನ್ನು ಹರಿದು ಹಿರಿಯ ಮಗನ ಟಿಕೀಟಿನ ಚೀಲದಲ್ಲಿ ಇಟ್ಟರು. ಸಿಂದಗಿ, ಇಂಡಿ ನಡುವಿನ ಬಸ್ಸಿನಲ್ಲಿ ನನ್ನ ಗಂಡ ನಾಚಿಕೊಂಡು ಒಬ್ಬರಿಬ್ಬರಿಗೆ ತೋರಿಸಿದರಂತೆ. ಸೆರಗು ಹೊದ್ದ ರೀತಿ ನೋಡಿದರೆ ಚಡಚಣದ ಕಡೆಯವಳಿರಬೇಕು ಎಂದು ಒಬ್ಬಾಕೆ ಹೇಳಿದಳಂತೆ. ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಪ್ರತಿ ರಜೆಗೂ ಅತ್ತೆ ಕೇಳುತ್ತಾರೆ, ಅವರು ಇಲ್ಲ ಎನ್ನುತ್ತಾರೆ.

ಈ ವರ್ಷ ಕಂಪನಿಯ ಕಡೆಯಿಂದ ಟ್ಯಾಬು ಹಿಡಿದ ಹುಡುಗಿಯೊಬ್ಬಳು ಮನೆ ಮನೆಗೆ ಬಂದಳು. ಜನರಿಗೆ ಕಂಪನಿಯ ಮೇಲೆ ಎಷ್ಟು ವಿಶ್ವಾಸ ಇದೆ ಎಂದು ಕೇಳಿ ಬರೆದುಕೊಳ್ಳುವ ಕೆಲಸ. ನಮ್ಮ ಕಡೆಯ ಹುಡುಗಿಯೇ, ವಿನಯದಿಂದ ಮಾತಾಡಿದಳು.

"ಒಂದರಿಂದ ಐದರೊಳಗ ಒಂದು ನಂಬರ್ ಹೇಳ್ರಿ, ಅಕ್ಕಾರ. ಐದು ಅಂದ್ರ ಪೂರಾ ವಿಶ್ವಾಸ."

"ಸೊನ್ನಿ," ಅಂದೆ.

"ಸೊನ್ನಿ ಇಲ್ರಿ ಇದರಾಗ. ಒಂದರಿಂದನ ಚಾಲೂ."

"ಹಂಗಾರ ಬರಿಬ್ಯಾಡ."

ಅವಳು ಏನೋ ಒತ್ತಿದಳು. "ಉತ್ತರ ಕೊಡಲಿಕ್ಕೆ ಒಪ್ಪಲಿಲ್ಲ ಅಂತ ಹಾಕೇನ್ರಿ," ಅಂದಳು. ಒಳಗಿನಿಂದ ಅತ್ತೆ ಕೂಗಿದರು: "ಒಪ್ಪಿಲ್ಲ ಅಂತ ಯಾರಂದ್ರು? ಉತ್ತರ ಕೊಟ್ಟೇವಿ! ಸೊನ್ನಿ ಅಂತ ಬರಿ!" ಹುಡುಗಿ ಗಾಬರಿಯಾಗಿ ಟ್ಯಾಬು ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿದಳು.

ಪಕ್ಕದ ಬಾಗಿಲು ಮೈದುನನದು. ಅವನು ಅವಳಿಗೆ ಕುರ್ಚಿ ತಂದು ಹಾಕಿದ, ನೀರು ಕೊಟ್ಟ. ಅವಳು ಪ್ರಶ್ನೆ ಕೇಳಿದ್ದು ಗೋಡೆಯ ಆಚೆಯಿಂದ ನನಗೆ ಕೇಳಿಸಿತು. ಅವನು, "ಇನ್ನೊಮ್ಮೆ ಕೇಳವಾ," ಅಂದ. ಕಡೆಗೆ ಯಾವ ಅಂಕಿ ಹೇಳಿದನೋ ಗೊತ್ತಾಗಲಿಲ್ಲ, ದನಿ ಅಷ್ಟು ಸಣ್ಣದಿತ್ತು.